ಕರಿಯನ ದಂತಕಥೆ

ನಮ್ಮ ನಾಯಿ ಕರಿಯ ಮುಖದ ಹತ್ತಿರ ಬಂದು ಆಕಳಿಸಿದರೆ ಮೀನು ಮಾರ್ಕೆಟ್ಟೇ ಮನೆಗೆ ಬಂದ ಹಾಗೆ. ಪಶುವೈದ್ಯರು ಅವನ ತುಟಿ ಎತ್ತಿ, ದವಡೆ ಹಲ್ಲಿಗೆ ಗಾರೆಯಂತೆ ಮೆತ್ತಿದ್ದ ಹಳದಿ ಪಾಚಿ ತೋರಿಸಿ, "ದಿನಾ ಹಲ್ಲುಜ್ಜಬೇಕು" ಅಂದರು.

"ಉಜ್ತೀನಲ್ಲ ಸಾರ್" ಅಂದೆ.

"ನಿಮ್ದಲ್ಲ ಸ್ವಾಮಿ, ಅವನ್ದು!"

ನನಗಿದ್ದದ್ದು 32, ಅದರಲ್ಲೂ ನಾಲ್ಕು ಆಗಲೇ ರಾಜೀನಾಮೆ ಕೊಟ್ಟಿವೆ. ಅವನಿಗೋ 42! ನಮ್ಮ ಪೇಸ್ಟ್ ಅವನಿಗೆ ಆಗದು. ಉಗುಳಲು ಬಾರದ ಪ್ರಾಣಿ, ಎಲ್ಲವನ್ನೂ ನುಂಗುತ್ತದೆ. ಕೆಲವು ಪೇಸ್ಟಿನಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ. ಸರಿ, ಕೋಳಿ ರುಚಿಯ ಪೇಸ್ಟ್ ತಂದೆ. ಈರುಳ್ಳಿಯನ್ನೂ ಮುಟ್ಟದ ಅಮ್ಮ ಅದನ್ನು ಬಚ್ಚಲಿನ ಕಿಟಕಿಯಾಚೆ ಇಡಿಸಿ, "ನಿಮ್ಮ ತಾತ ಬೇವಿನ ಕಡ್ಡೀಲೇ ಕಾಲ ಕಳೆದ್ರು ಕಣೋ" ಅಂದಳು.

ಬೆರಳಿಗೆ ತೊಡುವ ರಬ್ಬರ್ ಬ್ರಷ್ಷಿಗೆ ಪೇಸ್ಟ್ ಹಚ್ಚಿ ಕೂತೆ. ಮೊದಲ ದಿನ ಪೇಸ್ಟ್ ನೆಕ್ಕಿದ. ಎರಡನೇ ದಿನ ಬ್ರಷ್ ತಿಂದ. ಪುಣ್ಯಕ್ಕೆ ಬೆರಳು ಉಳಿಯಿತು, ಬ್ರಷ್ಷೂ ಮರುಕ್ಷಣವೇ ಹೊರಬಿತ್ತು. ಮನೆಯ ಬೆಕ್ಕಿಗೂ ಉಜ್ಜಲು ಹೋದೆ. ಅದಕ್ಕಾದರೆ ಬರೀ 30 ಹಲ್ಲು, ಸುಲಭ ಅಂದುಕೊಂಡಿದ್ದೆ. ಉಗುರುಗಳ ಲೆಕ್ಕ ಹಿಡಿದಿರಲಿಲ್ಲ. ಟಿಟಿ ಚುಚ್ಚಿಸಿಕೊಂಡು ಬಂದೆ.

ಈಗ ಟ್ಯೂಬಿನ ಮುಚ್ಚಳ ತಿರುಗಿಸಿದ ಸದ್ದಿಗೇ ಕರಿಯ ಬಾಲ ಆಡಿಸುತ್ತಾ ಹಾಜರು. ಮೊನ್ನೆ ನಿದ್ದೆಗಣ್ಣಿನಲ್ಲಿ ನನ್ನ ಬ್ರಷ್ಷಿಗೂ ಅದನ್ನೇ ಹಚ್ಚಿಕೊಂಡೆ. ರುಚಿ ಹೇಗಿತ್ತೆಂದು ಅಮ್ಮನ ಎದುರು ಹೇಳುವ ಹಾಗಿಲ್ಲ.