ಗೃಹಗಣಕ ನಿಚಯಕರ್ಮ: ಲಕ್ಷ್ಮೀಪುರಂ ಪಾಠಾಂತರ

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗ್ರಂಥಲಿಪಿಯ ಓಲೆಗರಿ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅಂದಿನಿಂದ ವಿದ್ವಾಂಸರು ಅದನ್ನು ರಾಜನೀತಿಯ ಗ್ರಂಥವೆಂದೇ ಓದಿಕೊಂಡು ಬಂದಿದ್ದಾರೆ. ಅದು ತಪ್ಪೆನ್ನುವ ಧಾರ್ಷ್ಟ್ಯ ನಮಗಿಲ್ಲ. ಆದರೆ ಮೊದಮೊದಲು ಓದಿದವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಎರಡನೆಯ ಅಧಿಕರಣದ ಐದನೆಯ ಅಧ್ಯಾಯ, ಅಂದರೆ ಸನ್ನಿಧಾತನೆಂಬ ಉಗ್ರಾಣದ ಅಧಿಕಾರಿ ಏನನ್ನು ಎಲ್ಲಿಡಬೇಕೆಂದು ಹೇಳುವ ಭಾಗ, ಮನೆಯ ಕಂಪ್ಯೂಟರಿನಲ್ಲಿ ದೊಡ್ಡ ಫೈಲುಗಳನ್ನು ಎಲ್ಲಿ ತುಂಬಬೇಕೆಂಬುದಕ್ಕಾಗಿಯೇ ಹುಟ್ಟಿದ್ದೆಂಬುದು ಈ ಪ್ರಬಂಧದ ಪ್ರತಿಜ್ಞೆ. ಆ ಲೈಬ್ರರಿಯಿಂದ ಲಕ್ಷ್ಮೀಪುರಂಗೆ ನಡೆದೇ ಹೋಗಬಹುದೆಂಬುದು ಪ್ರಥಮ ಪ್ರಮಾಣ. ಅದು ಸಾಲದೆನ್ನುವವರು ಮುಂದೆ ಓದಬೇಕು.

ಅಧ್ಯಯನಕ್ಕೆ ಒದಗಿದ್ದು ಲಕ್ಷ್ಮೀಪುರಂನ ಒಂದು ಹಳೆಯ ಮನೆ. ಕೆಂಪು ಗಾರೆಯ ನೆಲದ ಹಾಲಿನಲ್ಲಿ, ಕಿಟಕಿಯ ಪಕ್ಕ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕಂಪ್ಯೂಟರ್ ಕೂತಿದೆ. ಯಜಮಾನರು ನಿವೃತ್ತರು. ಅವರ ನಿಧಿಯಲ್ಲಿ ಮಗಳ ಮದುವೆಯ ವಿಡಿಯೊ, ಅಮೆರಿಕದಲ್ಲಿ ಮಗನ ಮನೆಯ ಹಿಂದಿನ ಹುಲ್ಲುಹಾಸನ್ನು ಎಲ್ಲ ಕೋನಗಳಿಂದ ಹಿಡಿದ ಫೋಟೊಗಳು, ಮತ್ತು ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಕಚೇರಿಗಳನ್ನು ಮುಂದಿನ ಸಾಲಿನಲ್ಲಿ ಕೂತು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಈಚೆಗೆ ಕಂಪ್ಯೂಟರಿಗೆ ಏರಿಸಿದ ಸಂಗ್ರಹ. ಎಂಪಿತ್ರೀ ಮಾಡಿದರೆ ಮೃದಂಗದ ತೊಪ್ಪಿ ಸತ್ತುಹೋಗುತ್ತದೆಂದು ಯಜಮಾನರ ಹಟ. ಹಾಗಾಗಿ ಎಲ್ಲವೂ ಸಿ.ಡಿ. ಗುಣಮಟ್ಟದ ವೇವ್ ಫೈಲುಗಳೇ. ಮೂರು ಗಂಟೆಯ ಒಂದು ಕಚೇರಿಗೆ ಹೆಚ್ಚುಕಡಿಮೆ 1.9 ಜಿಬಿ. ಅದನ್ನೇ 128 ಕೆಬಿಪಿಎಸ್ ಎಂಪಿತ್ರೀ ಮಾಡಿದ್ದರೆ 173 ಎಂಬಿಯಲ್ಲಿ ಮುಗಿಯುತ್ತಿತ್ತು. ಶ್ರೋತೃಗಳ ಕೆಮ್ಮು ಎರಡರಲ್ಲೂ ಅಷ್ಟೇ ಸ್ಪಷ್ಟ.

ಈಗ ಮತವಿಚಾರ. ಅಸೆಂಬಲ್ ಮಾಡಿಕೊಡುವ ಹುಡುಗರು ಪರಂಪರೆಯಿಂದ ದ್ವೈತಿಗಳು. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿ, "ಅಂಕಲ್, ನಿಮ್ದೆಲ್ಲಾ ಡಿ ಡ್ರೈವಲ್ಲೇ ಇಡಿ, ಸಿ ಮುಟ್ಟಲೇಬೇಡಿ" ಎಂದು ಉಪದೇಶ ಕೊಟ್ಟು ಹೋಗುತ್ತಾರೆ. ಎ ಮತ್ತು ಬಿ ಫ್ಲಾಪಿಗಳ ಕಾಲಕ್ಕೇ ಮುಕ್ತಿ ಪಡೆದ ಜೀವಗಳು. ಅಕ್ಷರ ಮಾತ್ರ ಉಳಿದಿದೆ. ಸಿ ಕೆಟ್ಟು ಫಾರ್ಮ್ಯಾಟ್ ಆದರೂ ಡಿ ಉಳಿಯುತ್ತದೆ, ಆದ್ದರಿಂದ ಭೇದ ಸತ್ಯ, ತಾರತಮ್ಯವೂ ಸತ್ಯ. ಅದ್ವೈತಿಗಳು ಇದಕ್ಕೆ ನಗುತ್ತಾರೆ. ಸಿ, ಡಿ ಎಂಬುದು ನಾಮರೂಪ ಮಾತ್ರ. ಒಳಗೆ ತಿರುಗುವ ತಟ್ಟೆಗಳೂ ಓದುವ ಮುಳ್ಳೂ ಎರಡಕ್ಕೂ ಒಂದೇ. ಮುಳ್ಳು ತಟ್ಟೆಗೆ ತಗುಲಿ ಕಟಕಟ ಸದ್ದು ಬಂದ ದಿನ ಎಲ್ಲ ಅಕ್ಷರಗಳೂ ಒಟ್ಟಿಗೇ ಲಯವಾಗುತ್ತವೆ. ಫಾರ್ಮ್ಯಾಟಿನ ಮಟ್ಟಿಗೆ ದ್ವೈತ, ಮರಣದ ಮಟ್ಟಿಗೆ ಅದ್ವೈತ ಎಂದು ನಮ್ಮ ಸಮನ್ವಯ. ವಿಂಡೋಸಿಗೆ ಪುಟ್ಟದೊಂದು ಎಸ್‌ಎಸ್‌ಡಿ, ಕಚೇರಿಗಳಿಗೆ ಬೇರೆ ದೊಡ್ಡ ಹಾರ್ಡ್‌ಡಿಸ್ಕ್, ಎರಡಕ್ಕೂ ಒಂದೇ ಕ್ಯಾಬಿನೆಟ್ ಶರೀರವೆನ್ನುವ ವಿಶಿಷ್ಟಾದ್ವೈತ ಈಗ ಜೋರಾಗಿ ಹಬ್ಬುತ್ತಿದೆ. ಸುಖವೂ ಅದರಲ್ಲೇ ಹೆಚ್ಚು.

ಇವರೆಲ್ಲರನ್ನೂ ಮೀರಿಸಿ, ಲಕ್ಷ್ಮೀಪುರಂನಲ್ಲಿ ಬಹುಸಂಖ್ಯಾತರಾಗಿರುವವರು ಚಾರ್ವಾಕರು. ಕಣ್ಣಿಗೆ ಕಂಡದ್ದೇ ಪ್ರಮಾಣ, ಆದ್ದರಿಂದ ಸಕಲವೂ ಡೆಸ್ಕ್‌ಟಾಪಿನ ಮೇಲೆ. ನಮ್ಮ ಯಜಮಾನರ ಪರದೆಯಲ್ಲಿ ಚಾಮುಂಡಿಬೆಟ್ಟದ ಚಿತ್ರವಿದೆಯಂತೆ. ನಮಗೆ ಕಂಡದ್ದು ಗೋಪುರದ ತುದಿ ಮಾತ್ರ. ಮಿಕ್ಕದ್ದನ್ನು 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ (2)', 'ಇಂಪಾರ್ಟೆಂಟ್', 'ತುಂಬಾ ಇಂಪಾರ್ಟೆಂಟ್', 'ಡಿಲೀಟ್ ಮಾಡಬೇಡಿ' ಎಂಬ ಹಳದಿ ಕಡತಗಳು ಮುಚ್ಚಿದ್ದವು. ಡೆಸ್ಕ್‌ಟಾಪೆಂಬುದು ಪರದೆಯ ಮೇಲಿಲ್ಲ, ಸಿ ಡ್ರೈವಿನ ಹೊಟ್ಟೆಯಲ್ಲೇ ಇದೆ, ಸಿ ಹೋದರೆ ಅದೂ ಹೋಗುತ್ತದೆಂದು ನಿವೇದಿಸಿದೆವು. "ಅದ್ಹೇಗ್ರೀ? ಇಲ್ಲೇ ಕಾಣ್ತಿದೆಯಲ್ಲ!" ಎಂದರು. ಚಾರ್ವಾಕರನ್ನು ವಾದದಲ್ಲಿ ಗೆದ್ದವರಿಲ್ಲ.

ಮುಂದಿನದು ಈ ಪ್ರಬಂಧದ ಮುಖ್ಯ ಸಂಶೋಧನೆ. 1 ಟಿಬಿ ಎಂದು ಕೊಂಡ ಡಿಸ್ಕನ್ನು ಮನೆಗೆ ತಂದು ಚುಚ್ಚಿದರೆ ವಿಂಡೋಸ್ 931 ಜಿಬಿ ಎನ್ನುತ್ತದೆ. ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ, ಬೈಟುಗಳೇನೂ ಕಳೆದಿಲ್ಲ. ಯಜಮಾನರು ಮಾತ್ರ ಅಂಗಡಿಯವನೇ 69 ಜಿಬಿ ಹೊಡೆದನೆಂದು ಬಿಲ್ಲು ಹಿಡಿದು ಹೊರಟಿದ್ದರು. ಅವರನ್ನು ಜಗಲಿಯಲ್ಲೇ ತಡೆದು ಕೌಟಿಲ್ಯನ ಅಳತೆಗಳ ಅಧ್ಯಾಯವನ್ನು ವಿವರಿಸಿದೆವು. ಅಲ್ಲಿ ಅರಸನಿಗೆ ಬರುವ ಧಾನ್ಯ ಅಳೆಯಲು 200 ಪಲದ ದ್ರೋಣ, ವ್ಯವಹಾರಕ್ಕೆ 187.5 ಪಲದ್ದು, ಆಳುಕಾಳುಗಳಿಗೆ ಕೊಡುವಾಗ 175, ಅಂತಃಪುರಕ್ಕೆ 162.5. ಹೆಸರು ಎಲ್ಲಕ್ಕೂ ದ್ರೋಣವೇ. ಅರಸನ ದ್ರೋಣಕ್ಕೂ ವ್ಯವಹಾರದ ದ್ರೋಣಕ್ಕೂ ಇರುವ ಪ್ರಮಾಣ ಶೇಕಡಾ 93.75. ಟಿಬಿಯ ಪ್ರಮಾಣ ಶೇಕಡಾ 93.1. ಉಳಿದ 0.65 ಲಿಪಿಕಾರರ ಕೈತಪ್ಪೆಂದು ನಾವು ಊಹಿಸುತ್ತೇವೆ. ಯಜಮಾನತಿಯವರು ಅಡುಗೆಮನೆಯಿಂದಲೇ, "ಹಾಗಾದ್ರೆ ಅಂತಃಪುರಕ್ಕೆ ಎಲ್ಲರಿಗಿಂತ ಕಮ್ಮಿ ಅಂದಹಾಗಾಯ್ತು" ಎಂದರು. ಇದು ಸಂಶೋಧನೆಯ ವ್ಯಾಪ್ತಿಯಾಚೆಗಿನ ವಿಷಯ.

ಭಂಡಾರದ ನೆಲಮಾಳಿಗೆ ಚೌಕವಾಗಿರಬೇಕು, ಪಸೆ ಏರಬಾರದು, ಮೂರು ಅಂತಸ್ತಿರಬೇಕು, ಬಾಗಿಲು ಒಂದೇ ಇರಬೇಕು, ಮೇಲೆ ದೇವರ ಮರೆ ಇರಬೇಕೆಂದು ಶಾಸ್ತ್ರ. ಆಯುಧಪೂಜೆಯ ದಿನ ಕ್ಯಾಬಿನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುವ ಮೈಸೂರಿಗೆ ದೇವರ ಮರೆಯನ್ನು ಯಾರೂ ಹೇಳಿಕೊಡಬೇಕಿಲ್ಲ; ಹಿಂದಿನ ಫ್ಯಾನಿನ ಜಾಲರಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು ಇನ್ನೂ ಸಿಕ್ಕಿಕೊಂಡಿತ್ತು. ಒಂಟಿ ಬಾಗಿಲಿನ ಮರ್ಮ ಪೆನ್‌ಡ್ರೈವಿನಲ್ಲಿ ಬಯಲಾಗುತ್ತದೆ. 32 ಜಿಬಿಯ ಪೆನ್‌ಡ್ರೈವ್ ಪೂರ್ತಿ ಖಾಲಿಯಿದ್ದರೂ ಆರು ಜಿಬಿಯ ಮದುವೆ ವಿಡಿಯೊ ಒಳಗೆ ಹೋಗದು. ಫ್ಯಾಟ್32 ಎಂಬ ವಿಧದಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿಗಿಂತ ದಪ್ಪದ ಒಂದು ಫೈಲು ಆ ಬಾಗಿಲಲ್ಲಿ ತೂರುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಂಡರೆ ತೂರುತ್ತದೆ. ಬಂಧನಾಗಾರವೂ ಸನ್ನಿಧಾತನ ಕಟ್ಟಡಗಳಲ್ಲೊಂದು. ನಾವದನ್ನು ರಿಸೈಕಲ್ ಬಿನ್ ಎಂದು ಗುರುತಿಸಿದ್ದೇವೆ.

ಕ್ಲೌಡ್ ಎಂಬ ಆಕಾಶದ ವಿಚಾರ ಹೆಚ್ಚು ಬೆಳೆಸುವಂಥದ್ದಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದಂದಿನಿಂದ ಮೈಸೂರಿಗೆ ಆಕಾಶದ ಮೇಲೆ ನಂಬಿಕೆಯಿದೆ. ಆದರೆ ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಅಂಚೆಗೂ ಪಾಲು. ಎಂಟು ಕಚೇರಿ ಏರಿಸಿದರೆ ಆಕಾಶ ತುಂಬಿತು. ಆಮೇಲೆ ಬಾಡಿಗೆ.

ಉಳಿದದ್ದು ಧ್ರುವನಿಧಿ. ಆಪತ್ಕಾಲಕ್ಕೆಂದು ಇನ್ನೊಂದು ನಿಧಿಯನ್ನು ನಾಡಿನ ಅಂಚಿನಲ್ಲಿ, ಮರಣದಂಡನೆಗೆ ಗುರಿಯಾದವರಿಂದ ಕಟ್ಟಿಸಬೇಕೆಂದು ಕೌಟಿಲ್ಯ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ ಎಂದು ಈಗಿನವರು ಹೇಳುವ 3-2-1 ಸೂತ್ರದ ಬೇರು ಇದೇ. ಆ ಗ್ರಂಥವೇ ಇದಕ್ಕೆ ಸಾಕ್ಷಿ: ಮೈಸೂರಿನ ಪ್ರತಿಯೊಂದನ್ನೇ ನೆಚ್ಚಿಕೊಳ್ಳಬೇಕಾಗಿರಲಿಲ್ಲ, ತಿರುವನಂತಪುರದ ಕಡೆ ಮಲಯಾಳ ಲಿಪಿಯಲ್ಲಿ ಬೇರೆ ಪ್ರತಿಗಳಿದ್ದವು. ನಮ್ಮ ಯಜಮಾನರ ಎಕ್ಸ್‌ಟರ್ನಲ್ ಡಿಸ್ಕಾದರೋ ರವಿಕೆ ಕಣದಲ್ಲಿ ಸುತ್ತಿಸಿಕೊಂಡು, ಕಂಪ್ಯೂಟರಿಂದ ಆರಡಿ ದೂರದ ಬೀರುವಿನಲ್ಲಿ ಬೆಳ್ಳಿ ಪಂಚಪಾತ್ರೆಯ ಪಕ್ಕ ಮಲಗಿತ್ತು. ಕಳ್ಳನಿಗೆ ಒಂದೇ ಸಲಕ್ಕೆ ಅನುಕೂಲ.

ನಾಡಿನ ಅಂಚೆಂದರೆ ಯಾವುದು? ತಂಗಿಯ ಮನೆ ಕುವೆಂಪುನಗರದಲ್ಲಿದೆ, ಸಾಕೆಂದು ಯಜಮಾನತಿ. ಅದು ಊರೊಳಗೇ ಆಯಿತೆಂದು ನಮ್ಮ ಆಕ್ಷೇಪ. ಕೊನೆಗೆ ಹಾಸನದ ಮಗಳ ಮನೆಯೆಂದು ತೀರ್ಮಾನವಾಯಿತು. ಮರಣದಂಡನೆಗೆ ಗುರಿಯಾದವರ ಸ್ಥಾನದಲ್ಲಿ ಕಂಪ್ಯೂಟರ್ ಬಲ್ಲ ಸೋದರಳಿಯನನ್ನು ನೇಮಿಸಲಾಯಿತು. "ಮಾಮ, ರಾತ್ರಿಯೆಲ್ಲಾ ಕಾಪಿ ಆಗ್ಬೇಕು" ಎಂದು ಅವನು ಗೋಗರೆದರೂ ಬಿಡಲಿಲ್ಲ. ಅವನನ್ನು ಕೊಲ್ಲುವುದಿಲ್ಲ, ಪ್ರತಿ ಭಾನುವಾರ ಕರೆಯುತ್ತಾರೆ. ಡಿಸ್ಕ್ ಹುರಿಗಾಳಿನ ಡಬ್ಬದ ಜೊತೆ ಹಾಸನ ತಲುಪಿತು. ಈಗ ಮಗಳ ಫೋನು ಬಂದಿದೆ: ಛೋಟಾ ಭೀಮ್ ಇಲ್ಲದೆ ಮಗು ಊಟ ಮಾಡುತ್ತಿರಲಿಲ್ಲ, ಜಾಗ ಸಾಲದೆ ಒಂದೆರಡು ಹಳೆಯ ಕಚೇರಿ ತೆಗೆದೆನೆಂದು. ಮಗು ಊಟ ಬಿಡುವುದು ಕೌಟಿಲ್ಯನ ಅರ್ಥದಲ್ಲಿ ಆಪತ್ತೇ ಅಲ್ಲವೇ ಎಂಬುದರ ಮೇಲೆ ತಾತ, ಅಜ್ಜಿಯರಲ್ಲಿ ಮತಭೇದವಿದೆ. ಅಜ್ಜಿ ಹೌದೆನ್ನುತ್ತಾರೆ. ತಾತ ಯಾವ ಕಚೇರಿ ಹೋಯಿತೆಂದು ಮಾತ್ರ ಕೇಳುತ್ತಿದ್ದಾರೆ.