ಮೌನಂ ಟ್ರ್ಯಾಕ್ ಲಕ್ಷಣಂ

ಮೌನಂ ಸಮ್ಮತಿ ಲಕ್ಷಣಂ ಎಂದರು ಹಿರಿಯರು. ಹಾಗೆಂದವರಿಗೆ ಮದುವೆ ಆಗಿರಲಿಲ್ಲವೆಂದು ನನ್ನ ಬಲವಾದ ಗುಮಾನಿ. ನಮ್ಮ ಮನೆಯಲ್ಲಿ ಮೌನಕ್ಕೆ ಸಮ್ಮತಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಅರ್ಥಗಳೂ ಇವೆ. ಆದರೆ ಮಿನಿಡಿಸ್ಕ್ ರೆಕಾರ್ಡರ್ ಎಂಬ ಯಂತ್ರಕ್ಕೆ ಮೌನ ಎಂದರೆ ಒಂದೇ ಅರ್ಥ: ಹಾಡು ಮುಗಿಯಿತು. ಎರಡು ಸೆಕೆಂಡು ಸದ್ದು ನಿಂತರೆ ಸಾಕು, ಅಲ್ಲೊಂದು ಗುರುತು ಹಾಕಿ, ಮುಂದೆ ಬಂದ ಸದ್ದಿಗೆ ಹೊಸ ನಂಬರು ಕೊಟ್ಟುಬಿಡುತ್ತದೆ.

ಜಪಾನಿನವರು 1992ರಲ್ಲಿ ಮಾರುಕಟ್ಟೆಗೆ ಬಿಟ್ಟ ಈ ಯಂತ್ರವನ್ನು ಭಾವಮೈದುನ ಅಮೆರಿಕದಿಂದ ಬರುವಾಗ ತಂದುಕೊಟ್ಟ. ಅಂಗೈಯಗಲದ್ದು, ಒಂದು ಡಿಸ್ಕಿಗೆ 74 ನಿಮಿಷ. ಕೈಗೆ ಬಂದ ದಿನವೇ ನಾನು ಜಾನಪದ ಸಂರಕ್ಷಕನಾದೆ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು, ಸಕಲೇಶಪುರದ ಎಸ್.ಕೆ. ಕರೀಂಖಾನರು ಇಂಥ ಯಂತ್ರವಿಲ್ಲದೆಯೇ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದರು. ಯಂತ್ರವೇ ಇರುವ ನಾನು ಇನ್ನೆಷ್ಟು ಮಾಡಿಯೇನು ಎಂದು ಹೆಂಡತಿಯನ್ನು ಕೇಳಿದೆ. ಆಕೆ ಮೌನವಾಗಿದ್ದಳು. ನಾನು ಹಿರಿಯರ ಮಾತು ನಂಬಿದೆ.

ಅರಸೀಕೆರೆಯ ನಮ್ಮ ಮನೆಯಿಂದಲೇ ಕೆಲಸ ಶುರುವಾಯಿತು. ಮಗಳ ನಾಮಕರಣದಲ್ಲಿ ಅತ್ತೆ ಹಾಡಿದ ಸೋಬಾನೆ ಪದಗಳ ಹಳೇ ಕ್ಯಾಸೆಟ್ಟು ಇತ್ತು. ಟೇಪ್‌ರೆಕಾರ್ಡರಿನಿಂದ ವೈರು ಎಳೆದು ಡಿಸ್ಕಿಗೆ ಇಳಿಸಿದೆ. ಎರಡು ಹಾಡಿನ ನಡುವೆ ತಾನಾಗಿ ಗುರುತು ಬೀಳುತ್ತದೆಂದು ಕಾಲುಚಾಚಿ ಕೂತೆ. ಒಂದೂ ಬೀಳಲಿಲ್ಲ. ಯಂತ್ರಕ್ಕೆ ನಿಶ್ಶಬ್ದವೆಂದರೆ ಶಬ್ದವೇ ಇಲ್ಲದಿರುವುದಲ್ಲ, ಶಬ್ದ ಒಂದು ಮಟ್ಟದಿಂದ ಕೆಳಗಿಳಿಯುವುದು. ಕ್ಯಾಸೆಟ್ಟಿನ ‘ಸುಂಯ್’ ಸದ್ದು ಆ ಮಟ್ಟಕ್ಕೆ ಇಳಿಯಲಿಲ್ಲ. ಮೇಲಾಗಿ ನಮ್ಮದು ಜಂಕ್ಷನ್ ಊರು. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಹಾಸನದ ಹಳಿ ಬಂದು ಕೂಡುವ ಜಾಗದಲ್ಲಿ ಎರಡು ಸೆಕೆಂಡು ನಿಶ್ಶಬ್ದ ಬೇಕೆಂದರೆ 1220ರ ಶಿವಾಲಯದ ಗರ್ಭಗುಡಿಗೇ ಹೋಗಬೇಕು. ಹೀಗೆ ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ, ಅರ್ಧ ಗಂಟೆ, ಒಂದೇ ಟ್ರ್ಯಾಕಾಗಿ ಕೂತಿತು. ಹೆಂಡತಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. “ಆರತಿ ಹಾಡು ಬೇಕಾ? ಹುಬ್ಬಳ್ಳಿ ಗಾಡಿ ಕೂಗಿದ ಮೇಲೆ ಎರಡನೇದು” ಎನ್ನುತ್ತಿದ್ದಳು. ರೈಲ್ವೆ ವೇಳಾಪಟ್ಟಿಯೇ ನಮ್ಮ ಪರಿವಿಡಿ.

ಇದು ಊರಿನ ದೋಷ, ನನ್ನದಲ್ಲ ಎಂದು ತೀರ್ಮಾನಿಸಿ ಅತ್ತೆಯ ಊರಾದ ಹಳೇಬೀಡಿಗೆ ಸವಾರಿ ಹೊರಟಿತು. ಪ್ರವಾಸಿಗಳ ಬಸ್ಸುಗಳೆಲ್ಲ ಹೋದ ಮೇಲೆ, ಸಂಜೆ ಜಗಲಿಯ ಮೇಲೆ ಅತ್ತೆಯನ್ನು ಕೂರಿಸಿ, ಮೈಕಿನ ಪೆಟ್ಟಿಗೆಯಿಂದ ಯಂತ್ರಕ್ಕೆ ವೈರು ಸಿಕ್ಕಿಸಿದೆ. ಇಲ್ಲಿ ನಿಶ್ಶಬ್ದಕ್ಕೆ ಬರವಿಲ್ಲ. ಬರವಿದ್ದದ್ದು ಹಾಡಿಗೆ. ಅತ್ತೆ ಒಂದು ಸಾಲು ಹಾಡಿ ಎಲೆಗೆ ಸುಣ್ಣ ಸವರುವರು. ಮುಂದಿನ ಸಾಲು ನೆನಪಾಗುವವರೆಗೆ ಅಡಿಕೆ ಅಗಿಯುವರು. ಯಂತ್ರ ಪ್ರತಿ ಸಲವೂ ಟಕ್ಕನೆ ಗುರುತು ಹಾಕಿತು. ಮನೆಗೆ ಬಂದು ನೋಡಿದರೆ, ಮದುಮಗಳು ಹಸೆಗೆ ಬರುವುದು 13ನೇ ಟ್ರ್ಯಾಕು, 14ನೆಯದು “ಸುಣ್ಣದ ಡಬ್ಬಿ ಎಲ್ಲಿಟ್ಟೇ?”, 15ನೆಯದು “ಹುಶ್, ಹಾಳು ಕೋಳಿ!”, ಮದುಮಗಳು ಕೂತುಕೊಳ್ಳುವುದು 16. ಒಂದು ಡಿಸ್ಕು 250 ಚಿಲ್ಲರೆ ಟ್ರ್ಯಾಕು ತಾಳುತ್ತದೆ. ಹೀಗೇ ಬಿಟ್ಟಿದ್ದರೆ ಮಾಂಗಲ್ಯಧಾರಣೆಗೆ ಮೊದಲೇ ನಂಬರು ಮುಗಿಯುತ್ತಿತ್ತು.

ಗುರುತು ಅಳಿಸಿದರೆ ಹಿಂದಿನ ಟ್ರ್ಯಾಕಿಗೆ ಮುಂದಿನದು ಕೂಡಿಕೊಳ್ಳುತ್ತದೆ, ಅದೊಂದು ಪುಣ್ಯ. ರಾತ್ರಿಯೆಲ್ಲ ಕೂತು ಕೂಡಿಸಿದೆ. ಕೂಡಿಸಿದ ಹಾಡಿನಲ್ಲಿ ಈಗ ಮದುಮಗಳನ್ನು ಹಸೆಗೆ ಕರೆದ ಕೂಡಲೇ “ಹುಶ್” ಎಂದು ಓಡಿಸಲಾಗುತ್ತದೆ.

ಮುಂದೆ ಕಿಸೆಯಲ್ಲಿ ಹಿಡಿಯುವ ಡಿಜಿಟಲ್ ರೆಕಾರ್ಡರ್ ಕೊಂಡೆ. ಇದರದು ಇನ್ನೊಂದು ಜಾಣತನ: ಧ್ವನಿ ಕೇಳಿದರೆ ಏಳುತ್ತದೆ, ಇಲ್ಲವಾದರೆ ಮಲಗುತ್ತದೆ. ಬ್ಯಾಟರಿಯೂ ಉಳಿತಾಯ, ಜಾಗವೂ ಉಳಿತಾಯ. ರೈಲ್ವೆಯಲ್ಲಿ ಸೇವೆ ಮಾಡಿ ನಿವೃತ್ತರಾದ ಅಪ್ಪನ ಮುಂದೆ ಇಟ್ಟು, ಮೀಟರ್ ಗೇಜ್ ಕಾಲದ ಕಥೆ ಹೇಳಿ ಎಂದೆ. ತೊಂದರೆಯೇನೆಂದರೆ, ನಿದ್ದೆಯಿಂದ ಏಳುವಷ್ಟರಲ್ಲಿ ಅದು ಮೊದಲ ಅಕ್ಷರ ನುಂಗಿರುತ್ತದೆ. ಒಂದೆರಡು ಸೆಕೆಂಡು ಹಿಂದಿನ ಸದ್ದನ್ನೂ ನೆನಪಿಟ್ಟುಕೊಂಡು ಸೇರಿಸುವ ಯಂತ್ರಗಳಿವೆ. ನನ್ನದು ಅವಕ್ಕಿಂತ ಅಗ್ಗದ್ದು. ಹಾಗಾಗಿ ಅಪ್ಪನ ಕಥೆಯಲ್ಲಿ ಬಾಣಾವರ ‘ಣಾವರ’ವಾಯಿತು, ತಿಪಟೂರು ‘ಪಟೂರು’ ಆಯಿತು. ಮಧ್ಯದಲ್ಲಿ ನಾನು ಮೈಕು ಸರಿಮಾಡಲು ಹೋಗಿ ಅವರ ಕಾಫಿ ಲೋಟ ಉರುಳಿಸಿದಾಗ ಅಪ್ಪ ಕೊಂಚ ಹೊತ್ತು ನನ್ನನ್ನೇ ನೋಡಿ, ಆಮೇಲೆ “ಅಯೋಗ್ಯ ಕಣೋ ನೀನು” ಎಂದರು. ಯಂತ್ರದಲ್ಲಿ ದಾಖಲಾಗಿರುವುದು “ಯೋಗ್ಯ ಕಣೋ ನೀನು.” ಹುಟ್ಟಿದಾಗಿನಿಂದ ಕಾದಿದ್ದ ಮಾತು. ಅದನ್ನು ಮೂರು ಕಡೆ ನಕಲು ಮಾಡಿಟ್ಟಿದ್ದೇನೆ.

ಇದೇ ಯಂತ್ರ ಹಿಡಿದು ಬೇಲೂರಿಗೂ ಹೋದೆವು. 1117ರ ದೇವಸ್ಥಾನ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಗೈಡಿನ ವಿವರಣೆ ಮೊಮ್ಮಕ್ಕಳಿಗಿರಲಿ ಎಂದು ನನ್ನ ಆಸೆ. ನರಸಿಂಹ ಕಂಬದ ಮುಂದೆ ಆತ, ಇಡೀ ಕಂಬ ಕೆತ್ತಿ ಸಣ್ಣ ಜಾಗವೊಂದನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ ನೋಡಿ ಎಂದು ಹೇಳಿ, ಜನ ನೋಡಲೆಂದು ಮಾತು ನಿಲ್ಲಿಸಿದ. ಯಂತ್ರ ಮಲಗಿತು. ಆಮೇಲೆ ಆತ ಮೆಲುದನಿಯಲ್ಲಿ ಹೇಳಿದ ಕಾರಣ ಅದರ ಕಿವಿಗೆ ಬೀಳಲೇ ಇಲ್ಲ. ಹೊರಗೆ ಬಂದು ಮದನಿಕೆಯರನ್ನು ತೋರಿಸುತ್ತ, ಶಿಲ್ಪಿಗಳು ತಮ್ಮ ಹೆಸರನ್ನೂ ಕೆತ್ತಿದ್ದಾರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದ. ಆಗ ಹೆಂಡತಿ, “ನೋಡ್ರೀ, ಕೆಲಸ ಮುಗಿದ ಮೇಲೆ ಗುರುತು ಹಾಕಿದ್ದಾರೆ. ಉಳಿ ಕೆಳಗಿಟ್ಟಾಗೆಲ್ಲ ಹಾಕಿಲ್ಲ” ಎಂದಳು.

ಅಂದಿನಿಂದ ಯಂತ್ರದ ಜಾಣತನವನ್ನೆಲ್ಲ ಆಫ್ ಮಾಡಿ, ಗುರುತು ಹಾಕುವ ಗುಂಡಿಯನ್ನು ಆಕೆಯ ಕೈಗೇ ಕೊಟ್ಟೆ. ಹಳೇಬೀಡಿನ ಜಗಲಿಯಲ್ಲಿ ಮತ್ತೆ ಹಾಡಿಸಿದೆವು. ಆಕೆ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮನ ಕೈ ನೋಡುತ್ತಿದ್ದಳು. ಕೈ ಸುಣ್ಣದ ಡಬ್ಬಿಗೆ ಹೋದರೆ ಹಾಡು ಇನ್ನೂ ಇದೆ. ಸೆರಗಿಗೆ ಹೋಗಿ ಬಾಯಿ ಒರೆಸಿಕೊಂಡರೆ ಮುಗಿಯಿತು, ಗುಂಡಿ ಒತ್ತು. ಒಂದೂ ತಪ್ಪಲಿಲ್ಲ. ಜಾನಪದ ಸಂರಕ್ಷಕನಿಗೆ ಉಳಿದದ್ದು ಬ್ಯಾಟರಿ ಬದಲಿಸುವ ಹುದ್ದೆ.

ಆ ಹುದ್ದೆಯಲ್ಲಿ ಸುಮ್ಮನಿರಲಾರದೆ, ಕಂಪ್ಯೂಟರಿನಲ್ಲಿ ಮೌನವನ್ನು ತಾನೇ ಹುಡುಕಿ ಕತ್ತರಿಸುವ ಸೌಲಭ್ಯವಿದೆಯೆಂದು ಓದಿ, ಹಾಡುಗಳನ್ನೆಲ್ಲ ಅದರ ಬಾಯಿಗೆ ಕೊಟ್ಟೆ. ಸುಣ್ಣ, ಅಡಿಕೆ, ಉಸಿರು, ಎಲ್ಲ ಕತ್ತರಿಸಿ ಒಂದು ಗಂಟೆಯ ಹಾಡನ್ನು ಮುಕ್ಕಾಲು ಗಂಟೆಗೆ ಇಳಿಸಿತು. ಹೆಮ್ಮೆಯಿಂದ ಅತ್ತೆಗೆ ಕೇಳಿಸಿದೆ. ಅವರು ಕಿವಿಗೊಟ್ಟು ಕೇಳಿದರು. ಕೇಳಕೇಳುತ್ತಾ ಅವರ ಮುಖದಲ್ಲಿ ಕನಿಕರ ಹೆಚ್ಚಿತು.

“ಯಾರೋ ಪಾಪ, ಒಳ್ಳೇ ಕಂಠ. ಆದ್ರೆ ಅಳಿಯಂದ್ರೇ, ಅವಳಿಗೆ ಉಸಿರಾಡೋಕೂ ಬಿಡ್ದೆ ಹಾಡಿಸಿದ್ದೀರಲ್ಲ. ಒಂದು ಎಲೆ ಅಡಿಕೆನಾದ್ರೂ ಕೊಡಬಾರದಿತ್ತಾ?”