ತೊಗರಿ ಭಾವಗೀತೆ

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ನಾನು ಮಾಡುವ ಕೆಲಸ ಏನೆಂಬುದು ನಮ್ಮ ಆಡಕಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಒಂದು ಆಫೀಸಿನಲ್ಲಿ ಬರೀ ಲೆಕ್ಕ ಬರೆಯುವವನು. ಆದರೆ ಊರಿನ ಲೆಕ್ಕವೇ ಬೇರೆ. ಟ್ರ್ಯಾಕ್ಟರ್ ಓಡಿಸುವವನಿಗೆ ಅದರ ಪಂಕ್ಚರ್ ತೆಗೆಯಲೂ ಬರಬೇಕು, ಕಂಪ್ಯೂಟರ್ ಮುಂದೆ ಕೂರುವವನಿಗೆ ಊರಿನ ಅಷ್ಟೂ ಫೋನುಗಳ ರೋಗ ಗೊತ್ತಿರಬೇಕು. ಹೋದ ಸಲ ಎಳ್ಳಮಾವಾಸ್ಯೆಗೆಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ವಾಡಿಯಲ್ಲಿ ಇಳಿದು ಗಾಡಿ ಬದಲಿಸಿ, ಚಿತ್ತಾಪುರ, ಮಳಖೇಡ ದಾಟಿ ಸೇಡಂ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಜೋತಾಡುತ್ತಾ ಊರು ಸೇರಿದೆ. ಇನ್ನೂ ಕಾಲು ತೊಳೆದಿರಲಿಲ್ಲ, ಕಟ್ಟೆಯ ಮೇಲೆ ಆಗಲೇ ಐದು ಫೋನು ಸಾಲಾಗಿ ಮಲಗಿದ್ದವು. ಸರ್ಕಾರಿ ದವಾಖಾನೆಯ ಪಾಳಿಯ ಹಾಗೆ.

ಮೊದಲನೆಯದು ಕಾಕಾನದು. ಕಾಕಾನಿಗೆ ಸಣ್ಣದೊಂದು ಕಿರಾಣಿ ಅಂಗಡಿ ಇದೆ. "ಇದು ರಾತ್ರಿ ನಿದ್ದಿ ಮಾಡಗೊಡಲ್ಲ ನೋಡು. ಟಣ್ ಟಣ್ ಅಂತದ. ನಿಮಗ ಲಾಟ್ರಿ ಹತ್ಯಾದ ಅಂತದ, ನಿಮ್ಮ ಫೋನಿಗಿ ವೈರಸ್ ಹೊಕ್ಕಾದ ಅಂತದ. ಎರಡೂ ಒಂದೇ ದಿನ!" ಅಂದ. ತೆಗೆದು ನೋಡಿದರೆ ನಲವತ್ತು ಚಿಲ್ಲರೆ ಜಾಲತಾಣಗಳಿಗೆ ನೋಟಿಫಿಕೇಶನ್ ಕಳಿಸಲು ಕಾಕಾ ಒಪ್ಪಿಗೆ ಕೊಟ್ಟಿದ್ದಾನೆ. ಯಾವುದೋ ತಾಣ ತೆರೆದಾಗ ಮೇಲೊಂದು ಚೀಟಿ ಇಳಿದು "ಅನುಮತಿಸುವಿರಾ?" ಎಂದು ಕೇಳುತ್ತದಲ್ಲ, ಅದಕ್ಕೆಲ್ಲ ತಪ್ಪದೆ ಹೂಂ ಅಂದಿದ್ದಾನೆ. ಯಾಕೆ ಕಾಕಾ ಅಂದರೆ, "ಬಾಗಿಲಿಗಿ ಬಂದವ್ರು ಒಳಗ ಬರ್ಲೇನ್ರಿ ಅಂತ ಕೇಳಿದ್ರ ಬ್ಯಾಡ ಅಂತ ಹ್ಯಾಂಗ ಅನ್ನಾದು? ಕೇಳಿದ್ದೇ ದೊಡ್ಡದು" ಅಂದ.

ಅಂಗಡಿಯವನ ಸಂಸ್ಕಾರಕ್ಕೆ ಬ್ರೌಸರಿನಲ್ಲಿ ಬೆಲೆಯಿಲ್ಲ. ಕ್ರೋಮಿನ ಮೂಲೆಯಲ್ಲಿರುವ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಸೆಟ್ಟಿಂಗ್ಸ್ ಒಳಗಿನ ನೋಟಿಫಿಕೇಶನ್ಸ್ ತೆಗೆದು, ಒಳಗೆ ಬಂದು ಕೂತಿದ್ದ ನಲವತ್ತು ಚಿಲ್ಲರೆ ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿದೆ. ಇನ್ನು ಮೇಲೆ ಯಾರೂ ಕೇಳಲೇಬಾರದು ಎಂಬ ಗುಂಡಿಯೂ ಅಲ್ಲೇ ಇದೆ, ಅದನ್ನೂ ಒತ್ತಿದೆ. ಮರುದಿನ ಬೆಳಗ್ಗೆ ಕಾಕಾ ಸುಸಲಾ ತಿನ್ನುತ್ತಾ, "ನಿದ್ದಿ ಚಲೋ ಆಯ್ತು. ಖರೆ ಮನಿ ಭಣಭಣ ಅನಸ್ತು" ಅಂದ.

ಎರಡನೆಯ ಫೋನಿನವನು ಕಾಕಾನ ಮಗ, ಸೇಡಂನಲ್ಲಿ ಡಿಗ್ರಿ ಓದುತ್ತಾನೆ. ಅವನದು ರೋಗವಲ್ಲ, ಗರ್ವ. ಟೊಪ್ಪಿಗೆ, ಕನ್ನಡಕದ ಚಿತ್ರವಿರುವ ಇನ್‌ಕಾಗ್ನಿಟೊ ಕಿಟಕಿ ತೆರೆದು, "ಇದ್ರಾಗ ಏನ್ ನೋಡಿದ್ರೂ ಯಾರಿಗೂ ಗೊತ್ತಾಗಲ್ಲ ಅಣ್ಣಾ" ಅಂದ. ನಾನಂದೆ, "ಟೊಪ್ಪಿಗಿ ಕನ್ನಡಕ ಹಾಕ್ಕೊಂಡು ತಾಂಡೂರಿಗಿ ಹೋದ್ರ ಮನ್ಯಾಗ ಗೊತ್ತಾಗಲಿಕ್ಕಿಲ್ಲ. ಖರೆ ಟಿಕೆಟ್ ಕೊಟ್ಟ ಕಂಡಕ್ಟರಿಗಿ ಗೊತ್ತಿರ್ತದ, ತಾಂಡೂರಿನ ಅಂಗಡಿಯವನಿಗೂ ಗೊತ್ತಿರ್ತದ." ಆ ಕಿಟಕಿ ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಸಿಮ್ ಕಂಪನಿ ನೋಡುತ್ತದೆ, ನೀವು ಹೊಕ್ಕ ತಾಣವೂ ನೋಡುತ್ತದೆ. ಅಮೆರಿಕದಲ್ಲಿ ಇದೇ ವಿಷಯಕ್ಕೆ ಜನ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಿದರು. 2024ರಲ್ಲಿ ಕಂಪನಿ ತಾನು ಕೂಡಿಟ್ಟ ದಾಖಲೆಗಳನ್ನು ಅಳಿಸಲು ಒಪ್ಪಿಕೊಂಡಿತು. ಇಷ್ಟು ಹೇಳುವಷ್ಟರಲ್ಲಿ ಹುಡುಗ ಫೋನು ಎತ್ತಿಕೊಂಡು ಎದ್ದುಹೋದ. ಏನು ನೋಡುತ್ತಿದ್ದ ಎಂದು ನಾನು ಕೇಳಲಿಲ್ಲ. ನನಗೂ ಆ ವಯಸ್ಸಿತ್ತು, ಟೊಪ್ಪಿಗೆ ಇರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಇಷ್ಟೆಲ್ಲ ಚಿಕಿತ್ಸೆ ನಡೆದದ್ದು ಮಾಳಿಗೆಯ ಮೇಲೆ. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಶಹಾಬಾದಿನ ಫರ್ಸಿ ಎಂದು ದೇಶವೆಲ್ಲ ನೆಲಕ್ಕೆ ಹಾಸುವ ಕಲ್ಲನ್ನು ನಾವು ಗೋಡೆಗೂ ಕಟ್ಟುತ್ತೇವೆ, ತಲೆಯ ಮೇಲೂ ಹೊದೆಯುತ್ತೇವೆ. ಇದೇ ಸುಣ್ಣದಕಲ್ಲನ್ನು ಸುಟ್ಟು ಪುಡಿ ಮಾಡಲು ವಾಡಿ, ಮಳಖೇಡ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಮೊಳ ದಪ್ಪ ಗೋಡೆಯೊಳಗೆ ಬೇಸಿಗೆಯ ಬಿಸಿಲೇ ತಡವರಿಸುತ್ತದೆ, ಸಿಗ್ನಲ್ಲಿನ ಪಾಡೇನು! ನಡುಮನೆಯಲ್ಲಿ ಫೋನು ತೆರೆದರೆ ಬರುವುದು ಒಂದೇ: "ಇಂಟರ್ನೆಟ್ ಇಲ್ಲ" ಎಂಬ ಬೋರ್ಡಿನ ಮೇಲೆ ನಿಂತ ಪುಟ್ಟ ಡೈನೋಸಾರ್. ಅದನ್ನು ಕ್ರೋಮಿಗೆ ಸೇರಿಸಿದ್ದು 2014ರಲ್ಲಿ. ಇಂಟರ್ನೆಟ್ ಇಲ್ಲದಿದ್ದರೆ ಆದಿಕಾಲಕ್ಕೆ ಹೋದಂತೆ ಎಂಬುದು ಮಾಡಿದವರ ತಮಾಷೆ. ಪರದೆಯನ್ನು ಮುಟ್ಟಿದರೆ ಅದು ಓಡುತ್ತದೆ, ಮತ್ತೆ ಮುಟ್ಟಿದರೆ ಕಳ್ಳಿಗಿಡದ ಮೇಲಿಂದ ಹಾರುತ್ತದೆ. ಮುತ್ಯಾ, ಅಂದರೆ ನಮ್ಮಜ್ಜ, ಅದಕ್ಕೆ ಓತಿಕ್ಯಾತ ಎಂದು ಹೆಸರಿಟ್ಟಿದ್ದಾನೆ. "ನೆಟ್ ಅದೇನು ಮುತ್ಯಾ?" ಎಂದರೆ, "ಇಲ್ಲ, ಓತಿಕ್ಯಾತ ಕುಂತದ" ಎನ್ನುತ್ತಾನೆ. ಅಕ್ಕನ ಏಳು ವರ್ಷದ ಮಗಳಂತೂ "ಮಾಮಾ, ನೆಟ್ ಬಂದ್ ಮಾಡಿ ಕೊಡು, ಓತಿಕ್ಯಾತ ಬರ್ಲಿ" ಎಂದು ಗಂಟುಬೀಳುತ್ತಾಳೆ. ಎಲ್ಲ ಮನೆಯ ಮಕ್ಕಳೂ ಡೇಟಾ ಬೇಕೆಂದು ಅತ್ತರೆ ನಮ್ಮ ಮನೆಯ ಕೂಸು ಬೇಡವೆಂದು ಅಳುತ್ತದೆ.

ಮುತ್ಯಾನ ಫೋನಿನದೇ ದೊಡ್ಡ ಕಥೆ. ಮುತ್ಯಾ ಓದಿದವನಲ್ಲ. ಆದರೆ ಓದದವರೂ ಕಾವ್ಯ ಬಲ್ಲರು ಎಂದು ಕನ್ನಡಿಗರನ್ನು ಹೊಗಳಿದ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದರೆ ನಮ್ಮ ಕಾಗಿಣಾ ದಂಡೆಯ ಮಳಖೇಡದಲ್ಲಿ. ಆ ನೀರು ಕುಡಿದವನು ಸುಮ್ಮನೆ ಕೂರುತ್ತಾನೆಯೇ? 2017ರಲ್ಲಿ ಗೂಗಲ್ಲಿಗೆ ಕನ್ನಡ ಮಾತು ಕೇಳಿಸತೊಡಗಿತು. ಮೈಕಿನ ಚಿತ್ರ ಒತ್ತಿ ಮಾತಾಡಿದರಾಯಿತು, ಅಕ್ಷರದ ಹಂಗಿಲ್ಲ. ಎಳ್ಳಮಾವಾಸ್ಯೆ ಹೊತ್ತಿಗೆ ತೊಗರಿಯ ರಾಶಿ. 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ತೊಗರಿ ನಮ್ಮ ಕಲಬುರಗಿ ಜಿಲ್ಲೆಯದು, ಆದರೆ ಮಾನ್ಯತೆ ಬೇರೆ, ರೇಟು ಬೇರೆ. ಹೀಗಾಗಿ ಮುತ್ಯಾ ಮಾಳಿಗೆಯ ತುದಿಗೆ ನಿಂತು, ಹೊಲದಾಚೆಯ ಆಳನ್ನು ಕೂಗುವ ದನಿಯಲ್ಲಿ, ಯೂಟ್ಯೂಬಿಗೆ ಅಪ್ಪಣೆ ಕೊಟ್ಟ: "ತೊಗರಿ ಭಾವ!"

ನಮ್ಮ ಕಡೆ ಭಾವ ಎಂದರೆ ಬೆಲೆ. ಯೂಟ್ಯೂಬಿಗೆ ಅದು ತಿಳಿಯದು. ತೊಗರಿಯನ್ನು ಬಿಟ್ಟು ಭಾವವನ್ನು ಹಿಡಿದುಕೊಂಡಿತು. ಸೀರೆಯುಟ್ಟ ಹೆಣ್ಣುಮಗಳೊಬ್ಬಳು ಪೇಟಿಯ ಮುಂದೆ ಕೂತು ಕಣ್ಣುಮುಚ್ಚಿ ಭಾವಗೀತೆ ಹಾಡಲು ಶುರು ಮಾಡಿದಳು. ಮುತ್ಯಾ ಅಡ್ಡ ಬರಲಿಲ್ಲ, ಪೂರ್ತಿ ಕೇಳಿದ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಚಲೋ ಹಾಡ್ಯಾಳ. ಖರೆ ಕ್ವಿಂಟಲಿಗಿ ಎಷ್ಟಂತ ಹೇಳ್ಲಿಲ್ಲ" ಅಂದ.

ಹುಡುಕುವಾಗ ಒಂದು ಶಬ್ದಕ್ಕೆ ನಿಲ್ಲಬಾರದು, ಊರು ಹೇಳು, ಸರಕು ಹೇಳು, ದಿನ ಹೇಳು ಎಂದು ತಿಳಿಸಿ "ಕಲಬುರಗಿ ಎಪಿಎಂಸಿ ತೊಗರಿ ದರ ಇವತ್ತು" ಎಂದು ನಾನೇ ಹೇಳಿ ತೋರಿಸಿದೆ. ಬಂದವು, ಸಾಲುಸಾಲು. ಅದರಲ್ಲೊಂದಕ್ಕೆ ಕೆಂಪು ಬಾಣ, ಬಾಯಿ ತೆರೆದ ಮುಖ, "ತೊಗರಿಗೆ ದಾಖಲೆ ದರ" ಎಂಬ ದಪ್ಪಕ್ಷರ. ಮುತ್ಯಾ ಅಂದೇ ಚೀಲ ಹೊಲಿಯುವುದನ್ನು ನಿಲ್ಲಿಸಿಬಿಟ್ಟ, ಇನ್ನೂ ಏರಲಿ ಎಂದು. ಎರಡು ದಿನ ಕಳೆದ ಮೇಲೆ ಆ ವಿಡಿಯೊದ ಹೆಸರಿನ ಕೆಳಗೆ ಸಣ್ಣಗೆ ಬರೆದದ್ದು ನನ್ನ ಕಣ್ಣಿಗೆ ಬಿತ್ತು: ಎರಡು ವರ್ಷಗಳ ಹಿಂದೆ. ಹಳಸಿದ ಅನ್ನ ಮೂಗಿಗೆ ಗೊತ್ತಾಗುತ್ತದೆ, ಹಳಸಿದ ವಿಡಿಯೊ ಗೊತ್ತಾಗುವುದಿಲ್ಲ. ತಾರೀಖು ನೋಡಲೇಬೇಕು. ಆಮೇಲೆ ನಾನು ವಿಡಿಯೊದ ಸಹವಾಸವೇ ಬೇಡವೆಂದು, ಸರ್ಕಾರದ ಕೃಷಿ ಮಾರಾಟ ವಾಹಿನಿ ಎಂಬ ತಾಣ ತೆರೆದು, ಅದೇ ಮೂರು ಚುಕ್ಕೆ ಒತ್ತಿ "ಹೋಮ್ ಸ್ಕ್ರೀನಿಗೆ ಸೇರಿಸಿ" ಮಾಡಿ, ಮುತ್ಯಾನ ಫೋನಿನ ಮುಖದ ಮೇಲೆಯೇ ಕೂರಿಸಿದೆ. ರೇಟು ಬೇಕಾದರೆ ಒಂದು ಸಲ ಮುಟ್ಟಿ ಅಕ್ಕನ ಮಗಳ ಕೈಗೆ ಕೊಟ್ಟರಾಯಿತು, ಅವಳು ಓದುತ್ತಾಳೆ. ಅವಳು ಓದುವ ಕೂಲಿ ಎರಡು ಆಟ ಓತಿಕ್ಯಾತ.

ವಿಡಿಯೊ ನಿಂತು ನಿಂತು ಚಕ್ರ ತಿರುಗುವುದಕ್ಕೂ ಮುತ್ಯಾನಿಗೆ ಮದ್ದು ಬೇಕಿತ್ತು. ಸೆಟ್ಟಿಂಗಿನಲ್ಲಿ ಕ್ವಾಲಿಟಿ ಎಂದಿದೆ, ಅಲ್ಲಿ 144, 360, 720, 1080 ಎಂದಿವೆ, ಕಡಿಮೆಯದನ್ನು ಆರಿಸಿಕೊ ಅಂದೆ. "ಏನವು?" ಅಂದ. ನಾನು ತಲೆ ಕೆರೆದುಕೊಂಡು, ಅವು ಸಾಲುಗಳು ಅಂದೆ. ಚಿತ್ರ ಮೇಲಿಂದ ಕೆಳಗೆ ಚುಕ್ಕೆಗಳ ಸಾಲಿನಿಂದ ಆಗಿರುತ್ತದೆ. 144 ಅಂದರೆ 144 ಸಾಲು, 1080 ಅಂದರೆ 1080 ಸಾಲು. ಮುತ್ಯಾನ ಮುಖ ಅರಳಿತು. "ಅಷ್ಟೇ ಏನು! ಹೊಲ ಅಷ್ಟೇ, ಸಾಲು ದಟ್ಟ ಮಾಡಿದ್ರ ಬೀಜ ಹೆಚ್ಚು ಹಿಡೀತದ. ನಮ್ಮ ಫೋನು ಅಂಗೈ ಅಗಲ ಹೊಲ, ಅದಕ್ಕ ಸಾವಿರ ಸಾಲು ಯಾಕ ಬೇಕು? ವಿರಳ ಬಿತ್ತು." ಡೇಟಾ ಉಳಿಸುವ ಬಗ್ಗೆ ನಾನು ಓದಿದ ಯಾವ ಬರಹವೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ರೇಟು ಹೇಳುವವನ ಮೀಸೆ ಎಣಿಸುವುದೇನಿದೆ? 144 ಸಾಕು. ಬಯಲಾಟ ನೋಡುವಾಗ ಮಾತ್ರ ಮುತ್ಯಾ 360ಕ್ಕೆ ಏರುತ್ತಾನೆ, ಕಿರೀಟ ಕಾಣಬೇಕಲ್ಲ.

ಆಯಿಯದು ಬೇರೆ. ಆಯಿ ಬೆಳಗ್ಗೆ ರೊಟ್ಟಿ ಬಡಿಯುತ್ತಾ ಕಡಕೋಳ ಮಡಿವಾಳಪ್ಪನ ತತ್ವಪದ ಹಚ್ಚಿಕೊಳ್ಳುತ್ತಾಳೆ. ಒಳಗೆ ಸಿಗ್ನಲ್ ಇಲ್ಲವೆಂದು ನಾನು ಹಿಂದಿನ ಸಲವೇ ಮಾಳಿಗೆಯ ಮೇಲೆ ಒಯ್ದು ಹತ್ತು ಪದ ಯೂಟ್ಯೂಬಿನಲ್ಲೇ ಡೌನ್‌ಲೋಡ್ ಮಾಡಿ ಇಟ್ಟಿದ್ದೆ. ಅವು ಕಲ್ಲಿನ ಮನೆಯಲ್ಲೂ ಹಾಡುತ್ತವೆ. ಈ ಸಲ ಆಯಿ, "ಭಜನಿ ಮಂದಿ ಯಾಕೋ ಗಡಿಬಿಡಿದಾಗ ಅದಾರ. ಲಾಸ್ಟ್ ಬಸ್ಸಿಗಿ ಹೋಗೋರು ಏನೋ" ಅಂದಳು. ನೋಡಿದರೆ ಯಾರ ಬೆರಳೋ ತಾಗಿ ವೇಗ ಒಂದೂವರೆಗೆ ಹೋಗಿ ಕೂತಿದೆ. ಹಳೆಯ ಟೇಪ್‌ರೆಕಾರ್ಡರ್ ವೇಗವಾಗಿ ಓಡಿಸಿದರೆ ದನಿ ಕೀಚಲಾಗಿ ಗೊತ್ತಾಗುತ್ತಿತ್ತು. ಇದರಲ್ಲಿ ದನಿ ಕೆಡದೆ ವೇಗ ಮಾತ್ರ ಏರುತ್ತದೆ. ಒಂದಕ್ಕೆ ಇಳಿಸಿ ಕೊಟ್ಟು ಬೀಗಿದೆ. ಮರುದಿನ ಫೋನು ಮತ್ತೆ ನನ್ನ ಮುಂದೆ. "ಮೊದ್ಲಿನಂಗೇ ಮಾಡು ತಮ್ಮಾ. ಆರು ರೊಟ್ಟಿ ಆಗೋದ್ರಾಗ ಮೂರು ಪದ ಮುಗೀತಿದ್ದವು, ಈಗ ಎರಡೇ ಆಗ್ಲಾಕತ್ಯಾವ." ಮಡಿವಾಳಪ್ಪನನ್ನು ಒಂದೂವರೆಗೆ ಏರಿಸಿದೆ. ಅವನು ಕ್ಷಮಿಸುತ್ತಾನೆ, ರೊಟ್ಟಿ ಕ್ಷಮಿಸುವುದಿಲ್ಲ.

ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಹೊಡೆದು, ಬೇವಿನ ನೆರಳಿನಲ್ಲಿ ಎಲ್ಲರೂ ಅಡ್ಡಾದೆವು. ಬಯಲಿನಲ್ಲಿ ಸಿಗ್ನಲ್ ಭರ್ಜರಿ. ಊರಿನ ಫೋನುಗಳನ್ನೆಲ್ಲ ರಿಪೇರಿ ಮಾಡಿದ ಜಂಬದಲ್ಲಿ ನಾನು ಪಾಠ ಮುಂದುವರಿಸಿದ್ದೆ: ವಿಡಿಯೊದ ಬಲಬದಿಗೆ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡು ಮುಂದೆ, ಎಡಕ್ಕೆ ತಟ್ಟಿದರೆ ಹತ್ತು ಸೆಕೆಂಡು ಹಿಂದೆ, ಕೆಲಸ ಮುಗಿದ ಟ್ಯಾಬನ್ನು ಆಗಿಂದಾಗ ಮುಚ್ಚಬೇಕು, ಇಲ್ಲದಿದ್ದರೆ ಫೋನು ಏದುಸಿರು ಬಿಡುತ್ತದೆ. ಕೂಸು ಓತಿಕ್ಯಾತ ಹುಡುಕುತ್ತಾ ನನ್ನ ಫೋನು ತೆಗೆದುಕೊಂಡಿತ್ತು.

"ಮಾಮಾ, ನಿನ್ನ ಫೋನು ನಗ್ಲಾಕತ್ತದ!"

ಕ್ರೋಮಿನಲ್ಲಿ ಎಷ್ಟು ಟ್ಯಾಬ್ ತೆರೆದಿವೆ ಎಂದು ಮೇಲೊಂದು ಚೌಕದಲ್ಲಿ ಸಂಖ್ಯೆ ಇರುತ್ತದೆ. 99ರ ತನಕ ಎಣಿಸುತ್ತದೆ. ಅದು ದಾಟಿದರೆ ಎಣಿಸುವುದನ್ನು ಬಿಟ್ಟು, ಎರಡು ಚುಕ್ಕೆ ಮತ್ತು ಅಗಲ ಬಾಯಿಯ, ಅಡ್ಡ ಮಲಗಿದ ನಗೆಮುಖ ತೋರಿಸುತ್ತದೆ. ಕೂಸು ಫೋನನ್ನು ಎಲ್ಲರಿಗೂ ತೋರಿಸಿತು. ಮುತ್ಯಾ ಕನ್ನಡಕ ಏರಿಸಿಕೊಂಡು ನೋಡಿ, "ನಮ್ಮ ಫೋನು ಯಾಕ ನಗಲ್ಲ?" ಅಂದ. ಕಾಕಾ ನನ್ನನ್ನೇ ನೋಡಿದ, ಏನೂ ಅನ್ನಲಿಲ್ಲ. ಅಂಗಡಿಯವರು ಉದ್ರಿ ಕೇಳುವ ಮೊದಲು ಹಾಗೆ ನೋಡುತ್ತಾರೆ.

ಅಷ್ಟೂ ಟ್ಯಾಬುಗಳನ್ನು ಸರಿಸುತ್ತಾ ಹೋದೆ. ಪಿಎಫ್ ತೆಗೆಯುವುದು, ಗೊರಕೆಗೆ ಮನೆಮದ್ದು, 2022ರ ರೈಲಿನ ವೇಳಾಪಟ್ಟಿ, ಮತ್ತೆ ಗೊರಕೆ. ಕಟ್ಟಕಡೆಯ ತುದಿಯಲ್ಲಿ, ಎಲ್ಲಕ್ಕಿಂತ ಮೊದಲು ತೆರೆದದ್ದು ಇತ್ತು: "ತೆರೆದ ಟ್ಯಾಬುಗಳನ್ನೆಲ್ಲ ಒಮ್ಮೆಲೇ ಮುಚ್ಚುವುದು ಹೇಗೆ?" ಉಪಯೋಗದ ಪುಟ, ಪುರುಸೊತ್ತಿನಲ್ಲಿ ಓದಬೇಕೆಂದು ಹಾಗೆಯೇ ಇಟ್ಟಿದ್ದೇನೆ.